ನಿಮಿಷಕ್ಕೆ ಹದಿನಾಲ್ಕು ಮಂದಿ

2018ರ ಜೂನ್‌ನಲ್ಲಿ ಟೈಲರ್ ಬ್ಲೆವಿನ್ಸ್ ಎಂಬ ಅಮೆರಿಕದ ಯುವಕ ಎರಡು ದಿನ ಮನೆಯಲ್ಲಿರಲಿಲ್ಲ. ಹೋಗಿದ್ದು ತಿರುಗಾಟಕ್ಕೂ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ‘ಫೋರ್ಟ್‌ನೈಟ್’ ಆಟದ ಪ್ರದರ್ಶನ ಪಂದ್ಯವಿತ್ತು. ಡಿಜೆ ಮಾರ್ಷ್‌ಮೆಲೋ ಜೊತೆ ಸೇರಿ ಗೆದ್ದು, 10 ಲಕ್ಷ ಡಾಲರ್ ಬಹುಮಾನ ದಾನಕ್ಕೆ ಹೋಗುವಂತೆ ಮಾಡಿದ. ಅಷ್ಟರಲ್ಲಿ ಲೆಕ್ಕ ನೋಡಿದರೆ, ಆಟವನ್ನು ಲೈವ್ ತೋರಿಸುವ ‘ಟ್ವಿಚ್’ ತಾಣದಲ್ಲಿ ಅವನ ಚಂದಾದಾರರು 40,000 ಮಂದಿ ಕಡಿಮೆಯಾಗಿದ್ದರು. 48 ಗಂಟೆಯೂ ತುಂಬಿರಲಿಲ್ಲ ಎಂದು ಅವನೇ ಹೇಳಿಕೊಂಡ. ಭಾಗಿಸಿ ನೋಡಿ: ನಿಮಿಷಕ್ಕೆ ಹದಿನಾಲ್ಕು ಮಂದಿ.

ಯಾರೂ ಸಿಟ್ಟಾಗಿ ಬಿಟ್ಟು ಹೋದವರಲ್ಲ. ಟ್ವಿಚ್ ಅಮೆಜಾನ್‌ನದು. ಅಮೆಜಾನ್ ಪ್ರೈಮ್ ಇದ್ದವರಿಗೆ ತಿಂಗಳಿಗೊಂದು ಚಂದಾ ಬಿಟ್ಟಿ. ಆದರೆ ಅದು ತಾನಾಗಿ ಮುಂದುವರಿಯುವುದಿಲ್ಲ, ಪ್ರತಿ ತಿಂಗಳೂ ಮತ್ತೆ ಬಂದು ಬಟನ್ ಒತ್ತಬೇಕು. ಲೈವ್‌ನಲ್ಲಿ ಆಟಗಾರನೇ ಇಲ್ಲದಿದ್ದರೆ ಒತ್ತುವ ನೆನಪು ಯಾರಿಗಿರುತ್ತದೆ? ಆಗ ಒಂದು ಚಂದಾಕ್ಕೆ ಸುಮಾರು 5 ಡಾಲರ್. ಅರ್ಧ ಆಟಗಾರನಿಗೆ ಎಂದು ಹಿಡಿದರೂ 40,000 ಮಂದಿ ಎಂದರೆ ತಿಂಗಳಿಗೆ ಒಂದು ಲಕ್ಷ ಡಾಲರ್. ಅಂದಿನ ದರದಲ್ಲಿ 67 ಲಕ್ಷ ರೂಪಾಯಿಗೆ ಹತ್ತಿರ. ಎರಡು ದಿನದ ಗೈರುಹಾಜರಿಗೆ ಇಷ್ಟು ದಂಡ ಹಾಕುವ ನೌಕರಿ ನನಗಂತೂ ಬೇರೊಂದು ಗೊತ್ತಿಲ್ಲ.

‘ನಿಂಜಾ’ ಎಂಬ ಹೆಸರಲ್ಲಿ ಆಡುವ ಈ ಬ್ಲೆವಿನ್ಸ್ ‘ಹೇಲೋ’ ಆಟದಿಂದ 2009ರಲ್ಲಿ ವೃತ್ತಿಗಿಳಿದವನು. 2011ರಲ್ಲಿ ಲೈವ್ ಸ್ಟ್ರೀಮಿಂಗ್ ಶುರುಮಾಡಿದ. ಹೊಟ್ಟೆಪಾಡಿಗೆ ನೂಡಲ್ಸ್ ಹೋಟೆಲೊಂದರಲ್ಲಿ ದುಡಿದದ್ದೂ ಉಂಟು. ವರ್ಷಗಟ್ಟಲೆ ಸಾಧಾರಣ ಹೆಸರು. ಆಮೇಲೆ ಫೋರ್ಟ್‌ನೈಟ್ ಬಂತು. 2018ರ ಮಾರ್ಚ್ 14ರ ರಾತ್ರಿ ಗಾಯಕ ಡ್ರೇಕ್ ಅವನ ಜೊತೆ ಆಡಲು ಕೂತಾಗ ಏಕಕಾಲಕ್ಕೆ ನೋಡುತ್ತಿದ್ದವರು 6.28 ಲಕ್ಷ! ಒಬ್ಬ ವ್ಯಕ್ತಿಯ ಸ್ಟ್ರೀಮ್‌ಗೆ ಅದುವರೆಗಿದ್ದ ದಾಖಲೆ 3.88 ಲಕ್ಷ. ತಿಂಗಳಿಗೆ 5 ಲಕ್ಷ ಡಾಲರ್‌ ಬರುತ್ತಿದೆ ಎಂದು ಅದೇ ತಿಂಗಳು ಟಿವಿ ಸಂದರ್ಶನದಲ್ಲಿ ಒಪ್ಪಿಕೊಂಡ. ವರ್ಷದ ಕೊನೆಗೆ ಗಳಿಕೆ ಕೋಟಿ ಡಾಲರ್‌ಗೆ ಹತ್ತಿರ.

ಎಲ್ಲರ ಕಣ್ಣೂ ಆ ಕೋಟಿಯ ಮೇಲೆ. ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಅಂಕಿ. ಆ ವರ್ಷ ಅವನು ಆಡಿದ್ದು ಸುಮಾರು 4,000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 250 ದಿನ ಕಚೇರಿಗೆ ಹೋಗುವವನದು 2,000 ಗಂಟೆ. ಅಂದರೆ ಒಂದೇ ಕುರ್ಚಿಯಲ್ಲಿ ಇಬ್ಬರ ನೌಕರಿ, ಭಾನುವಾರವೂ ಸೇರಿ ದಿನಕ್ಕೆ ಹನ್ನೊಂದು ಗಂಟೆ.

ಆ ಕುರ್ಚಿಯಲ್ಲಿ ನಡೆಯುವುದಾದರೂ ಏನು? ನೂರು ಮಂದಿ ದ್ವೀಪವೊಂದಕ್ಕೆ ಧುಮುಕುತ್ತಾರೆ, ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಒಬ್ಬನೇ ಉಳಿಯಬೇಕು. ಬಲಗೈ ಮೌಸ್ ಮೇಲೆ, ಎಡಗೈ ಕೀಬೋರ್ಡ್ ಮೇಲೆ. ಕಣ್ಣ ಮುಂದೆ ಗುಂಡಿನ ಸುರಿಮಳೆ, ಅಡ್ಡಕ್ಕೆ ಸರಸರನೆ ಗೋಡೆ ಕಟ್ಟಬೇಕು. ಬಾಯಿಗೆ ಬೇರೆಯೇ ಕೆಲಸ: ಪಕ್ಕದ ಚಾಟ್‌ನಲ್ಲಿ ಸಾಲುಗಳು ಓದಲಾರದ ವೇಗದಲ್ಲಿ ಏರುತ್ತಿರುತ್ತವೆ, ಹೊಸ ಚಂದಾದಾರನ ಹೆಸರು ಮೂಡಿದೊಡನೆ ಓದಿ ಥ್ಯಾಂಕ್ಸ್ ಹೇಳಬೇಕು. ಸತ್ತರೂ ಮಾತು ನಿಲ್ಲುವಂತಿಲ್ಲ. ಮುಂದಿನ ಪಂದ್ಯ ಶುರುವಾಗುವ ತನಕ ಜನರನ್ನು ಹಿಡಿದಿಡುವುದು ಆ ಮಾತೇ.

2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅವನನ್ನು ತನ್ನ ‘ಮಿಕ್ಸರ್’ ತಾಣಕ್ಕೆ ಸೆಳೆಯಿತು. ಒಪ್ಪಂದ 2ರಿಂದ 3 ಕೋಟಿ ಡಾಲರ್‌ನದೆಂದು ವರದಿಯಾಯಿತು. ಟ್ವಿಚ್‌ನಲ್ಲಿ ಅವನು ಬಿಟ್ಟು ಹೋದ ಫಾಲೋವರ್‌ಗಳು 1.4 ಕೋಟಿಗೂ ಮೇಲೆ. ಮರುವರ್ಷ ಜುಲೈನಲ್ಲಿ ಮಿಕ್ಸರೇ ಬಾಗಿಲು ಹಾಕಿತು, ಸೆಪ್ಟೆಂಬರ್‌ಗೆ ಅವನು ಟ್ವಿಚ್‌ಗೆ ಮರಳಿದ.

2018ರಲ್ಲಿ ನಿಂಜಾ ಮುಟ್ಟಿದ್ದ 2.69 ಲಕ್ಷ ಚಂದಾದಾರರ ದಾಖಲೆಯನ್ನು 2021ರ ಏಪ್ರಿಲ್‌ನಲ್ಲಿ ಲುಡ್ವಿಗ್ ಆಗ್ರೆನ್ ಎಂಬ ಸ್ಟ್ರೀಮರ್ ಮುರಿದ. ಹೊಸ ಚಂದಾ ಬಂದಷ್ಟೂ ಗಡಿಯಾರಕ್ಕೆ ಸೆಕೆಂಡುಗಳು ಸೇರುವ ಪಂದ್ಯ ಕಟ್ಟಿ 31 ದಿನ ಕ್ಯಾಮೆರಾ ಆರಿಸಲೇ ಇಲ್ಲ. ಅವನು ಮಲಗಿದ್ದನ್ನೂ ಜನ ಸಾವಿರಗಟ್ಟಲೆ ಕೂತು ನೋಡಿದರು. ಸಿಕ್ಕ ಚಂದಾದಾರರು 2.83 ಲಕ್ಷ. ಅದೂ ಉಳಿಯಲಿಲ್ಲ. 2024ರ ನವೆಂಬರ್‌ನಲ್ಲಿ ಕೈ ಸೆನಾಟ್ ಎಂಬ ಇನ್ನೊಬ್ಬ ಸ್ಟ್ರೀಮರ್ ತಿಂಗಳಿಡೀ ಲೈವ್ ಇದ್ದು ಏಳು ಲಕ್ಷ ದಾಟಿದ.