ಕ್ರಿಕೆಟ್ ಹೊಸದಾ? ಮೊದಲು ಕ್ರೀಸ್ ಗೆರೆ ತಿಳ್ಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ

ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಊರೂರಲ್ಲೂ ಟೆನಿಸ್ ಬಾಲ್ ಟೂರ್ನಿ ಶುರು. ಕಪ್, ಬಹುಮಾನದ ಹಣ ಕೊಡೋದು ಹೆಚ್ಚಾಗಿ ನಮ್ಮ ಅಂಗಡಿಯವರೇ. ಒಂದು ರನೌಟ್‌ಗೆ ಗಲಾಟೆಯಾಗಿ ಪಂದ್ಯ ಅರ್ಧಕ್ಕೇ ನಿಂತರೆ ದುಡ್ಡು ಕೊಟ್ಟವರಿಗೂ ಬೇಜಾರು, ಎರಡು ಊರಿನ ಹುಡುಗರಿಗೂ ಮನಸ್ತಾಪ. ಹಾಗಾಗಿ ಹೊಸದಾಗಿ ನೋಡುವವರಿಗೆ, ಆಡಿಸುವವರಿಗೆ ಮೂಲ ನಿಯಮಗಳು ಇಲ್ಲಿವೆ.

ತಂಡಕ್ಕೆ 11 ಜನ. ಓವರ್‌ಗೆ 6 ಎಸೆತ. ವೈಡ್, ನೋಬಾಲ್ ಲೆಕ್ಕಕ್ಕಿಲ್ಲ. ಎರಡೂ ಕಡೆಯ ಸ್ಟಂಪ್ ನಡುವೆ 22 ಗಜ. ಬ್ಯಾಟರ್‌ಗಳಿಬ್ಬರೂ ಆ ಕಡೆಯಿಂದ ಈ ಕಡೆಗೆ ಓಡಿ ಮುಟ್ಟಿದರೆ 1 ರನ್. ಹೊಡೆದ ಚೆಂಡು ನೆಲಕ್ಕೆ ಬಿದ್ದು ಬೌಂಡರಿ ದಾಟಿದರೆ 4, ಬೀಳದೆ ದಾಟಿದರೆ 6.

ಬೌಲ್ಡ್, ಕ್ಯಾಚ್ ಎಲ್ಲರಿಗೂ ಗೊತ್ತಾಗುತ್ತೆ. ತಕರಾರು ಬರೋದು ಸ್ಟಂಪ್‌ನಿಂದ 4 ಅಡಿ ಮುಂದಿರುವ ಕ್ರೀಸ್ ಗೆರೆ ವಿಷಯದಲ್ಲಿ. ನೆನಪಿಡಬೇಕಾದ್ದು ಒಂದೇ: ಗೆರೆ ಮೇಲಿದ್ದರೆ ಒಳಗಿದ್ದ ಹಾಗಲ್ಲ, ಗೆರೆ ದಾಟಿರಬೇಕು.

ರನೌಟ್, ಸ್ಟಂಪಿಂಗ್: ಬೇಲ್ಸ್ ಬೀಳುವ ಹೊತ್ತಿಗೆ ಬ್ಯಾಟ್ ಅಥವಾ ಕಾಲು ಗೆರೆಯ ಒಳಗೆ ನೆಲ ಮುಟ್ಟಿರಬೇಕು. ಗೆರೆ ಮೇಲಷ್ಟೇ ಇದ್ದರೆ ಔಟ್. ಓಡಿ ಬಂದು ಒಳಗೆ ಒಮ್ಮೆ ಊರಿದ ಬ್ಯಾಟು ಅದೇ ವೇಗದಲ್ಲಿ ಮೇಲೆದ್ದರೆ ಔಟಲ್ಲ.

ನೋಬಾಲ್: ಬೌಲರ್‌ನ ಮುಂದಿನ ಪಾದ ಊರಿದಾಗ ಸ್ವಲ್ಪವಾದರೂ ಗೆರೆಯ ಹಿಂದಿರಬೇಕು. ಹಿಮ್ಮಡಿ ಗಾಳಿಯಲ್ಲಿದ್ದರೂ ಪರವಾಗಿಲ್ಲ. ನೋಬಾಲ್‌ಗೆ ಬೌಲ್ಡ್, ಕ್ಯಾಚ್ ಇಲ್ಲ. ಆದರೆ ರನೌಟ್ ಇದೆ!

ಶಾರ್ಟ್ ರನ್: 2 ರನ್ ಓಡುವಾಗ ಮಧ್ಯೆ ಗೆರೆ ದಾಟಿ ಮುಟ್ಟದೆ ತಿರುಗಿದರೆ ಸಿಗೋದು 1 ಮಾತ್ರ.

ನಾನ್‌ಸ್ಟ್ರೈಕರ್: ಬೌಲರ್ ಚೆಂಡು ಬಿಡುವ ಹಂತಕ್ಕೆ ಬರುವ ಮೊದಲೇ ಗೆರೆ ಬಿಟ್ಟರೆ ಬೌಲರ್ ಬೇಲ್ಸ್ ಹಾರಿಸಬಹುದು. ಇದಕ್ಕೇ ಹೆಚ್ಚು ಕೂಗಾಟ. ಆದರೆ ಇದು ಮೋಸ ಅಲ್ಲ. ನಿಯಮ ಬರೆಯುವ ಲಂಡನ್ನಿನ ಎಂಸಿಸಿ 2022ರಲ್ಲಿ ಇದನ್ನು 'ಅನ್ಯಾಯದ ಆಟ'ದ ಭಾಗದಿಂದ ತೆಗೆದು ರನೌಟ್ ನಿಯಮಕ್ಕೇ ಸೇರಿಸಿದೆ.

ಇನ್ನೊಂದು ಮಾತು. ಫೀಲ್ಡಿಂಗ್ ತಂಡ ಅಪೀಲ್ ಮಾಡದೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ. ಮುಂದಿನ ಎಸೆತಕ್ಕೆ ಬೌಲರ್ ಓಡಲು ಶುರು ಮಾಡಿದ ಮೇಲೆ ಹಿಂದಿನ ಎಸೆತಕ್ಕೆ ಅಪೀಲ್ ನಡೆಯಲ್ಲ.

ಟೂರ್ನಿ ಆಡಿಸುವವರೇ, ಸುಣ್ಣದ ಗೆರೆ ಆಡ್ತಾ ಆಡ್ತಾ ಅಳಿಸಿಹೋಗುತ್ತೆ. ಪ್ರತಿ ಇನಿಂಗ್ಸ್‌ಗೂ ಮುಂಚೆ ಹೊಸದಾಗಿ ಎಳೆಯಿರಿ. ರನೌಟ್ ನೋಡೋಕೆ ಗೆರೆಯ ನೇರಕ್ಕೆ ಒಬ್ಬ ಅಂಪೈರ್ ನಿಲ್ಲಿಸಿ, ಆಗದಿದ್ದರೆ ಎರಡೂ ತಂಡ ಒಪ್ಪಿದವರನ್ನೇ ಇಡಿ. ಗೆರೆ ಕಾಣದಿದ್ದರೆ ಎಂಥಾ ಅಂಪೈರ್ ಬಂದರೂ ಕಷ್ಟವೇ.