ಮನೆಯೊಡನೆ ಏನೇನು ಬರುತ್ತದೆ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. ಬೇರೊಬ್ಬರು ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಮಾತ್ರ ಸೇರಿಸಲಿಲ್ಲ. ಹಾಗೆ ಕೊಂಡವರಿಗೆ ಕಟ್ಟುವ ಕಷ್ಟ ತಪ್ಪುತ್ತದೆ, ನಿಜ. ಆದರೆ ಅದರ ಬದಲು ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಮನೆ ಎಂದರೆ ಎಷ್ಟು? ನೆಲ, ಗೋಡೆ, ತಾರಸಿ ಇವಿಷ್ಟೆಯೋ? ಅಥವಾ ಗೋಡೆಗೆ ಬಿಗಿದದ್ದು, ತಾರಸಿಯಿಂದ ತೂಗುಹಾಕಿದ್ದು, ನೆಲದಲ್ಲಿ ಹೂತದ್ದು ಇವೂ ಸೇರಿಯೋ?

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಮೈಸೂರಿನಂಥ ಊರಿನಲ್ಲಿ ನೀವು ಒಂದು ಹಳೆಯ ಮನೆಯನ್ನು ನೋಡಲು ಹೋಗುತ್ತೀರಿ. ಹಜಾರದಲ್ಲಿ ಸರಪಣಿಗಳ ಮೇಲೆ ತೂಗುವ ಉಯ್ಯಾಲೆ ಮಣೆ, ಕೋಣೆಕೋಣೆಗೂ ಫ್ಯಾನು, ಹಿಂದಿನ ಬಚ್ಚಲಲ್ಲಿ ಒಲೆಗೆ ಹೂತು ಕೂರಿಸಿದ ತಾಮ್ರದ ಹಂಡೆ, ಮಹಡಿಯ ಬಚ್ಚಲಲ್ಲಿ ಗೀಸರು. ಮನೆಯಾಕೆಯ ಕಣ್ಣು ಆ ಹಂಡೆಯ ಮೇಲೆಯೇ ನಿಲ್ಲುತ್ತದೆ. ಬೆಲೆ ಕುದುರುತ್ತದೆ. ಪ್ರಾವಿಡೆಂಟ್ ಫಂಡಿನ ಹಣ, ಒಡವೆಯ ಮೇಲಿನ ಸಾಲ ಎಲ್ಲ ಕೂಡಿಸಿ ಕ್ರಯಪತ್ರವನ್ನು ರಿಜಿಸ್ಟರು ಮಾಡಿಸಿಕೊಳ್ಳುತ್ತೀರಿ. ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಬಾಗಿಲು ತೆರೆದರೆ, ಉಯ್ಯಾಲೆಯಿದ್ದಲ್ಲಿ ಬರಿಯ ಕೊಂಡಿಗಳು, ಫ್ಯಾನಿದ್ದಲ್ಲಿ ತಂತಿಯ ತುದಿಗಳು, ಬಚ್ಚಲೊಲೆಯಲ್ಲಿ ಹಂಡೆಯಿದ್ದಷ್ಟೇ ಅಗಲದ ಒಂದು ಗುಂಡಿ! ವಿಚಾರಿಸಿದರೆ ಮಾರಿದವರು ಹೇಳುತ್ತಾರೆ: “ಮನೆ ಮಾರಿದ್ದೇನೆ ಸ್ವಾಮಿ, ಸಾಮಾನು ಮಾರಿಲ್ಲ. ಆ ಹಂಡೆ ನಮ್ಮ ತಾಯಿಯವರು ತವರಿನಿಂದ ತಂದದ್ದು.” ನೀವು ಹೇಳುತ್ತೀರಿ: “ಕಣ್ಣಿಂದ ನೋಡಿದ ಮನೆಗೆ ನಾವು ಬೆಲೆ ಕಟ್ಟಿದ್ದು, ಬೋಳು ಮನೆಗಲ್ಲ.”

ಇಲ್ಲಿ ಯಾರೂ ಕಳ್ಳರಲ್ಲ ಎಂಬುದನ್ನು ಗಮನಿಸಬೇಕು. ಇಬ್ಬರೂ ತಮ್ಮ ಮಾತನ್ನು ನಿಜವೆಂದೇ ನಂಬಿದ್ದಾರೆ. ತೊಡಕು ಹುಟ್ಟಿರುವುದು, ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ದಿನ ಯಾರೂ ಕೇಳದೆ ಹೋದದ್ದರಿಂದ.

ಕಾನೂನು ಏನು ಹೇಳುತ್ತದೆ? ನಮ್ಮಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 8ನೆಯ ಕಲಮಿನಲ್ಲಿ ಮನೆಯ ಮಾತು ಸ್ಪಷ್ಟವಾಗಿ ಬರುತ್ತದೆ. ಬೇರೆ ಉದ್ದೇಶವನ್ನು ಬರೆದು ತಿಳಿಸಿರದಿದ್ದರೆ, ಅಥವಾ ಸಂದರ್ಭದಿಂದಲೇ ಅದು ಅನಿವಾರ್ಯವಾಗಿ ಸೂಚಿತವಾಗದಿದ್ದರೆ, ಮನೆಯೊಡನೆ ಅದರ ಬೀಗ, ಬೀಗದ ಕೈ, ಅಗುಳಿ, ಬಾಗಿಲು, ಕಿಟಕಿಗಳೂ, ಮನೆಯೊಡನೆ ಶಾಶ್ವತ ಬಳಕೆಗೆಂದು ಒದಗಿಸಿದ ಇತರ ಎಲ್ಲ ವಸ್ತುಗಳೂ ಕೊಂಡವರಿಗೆ ಸೇರುತ್ತವೆ. ಅದೇ ಕಾಯಿದೆಯ 3ನೆಯ ಕಲಮು, ಯಾವುದನ್ನು ಭೂಮಿಗೆ ಅಂಟಿದ್ದು ಎನ್ನಬೇಕೆಂದು ಹೇಳುತ್ತದೆ: ಮರಗಿಡಗಳಂತೆ ಬೇರು ಬಿಟ್ಟದ್ದು, ಗೋಡೆ ಕಟ್ಟಡಗಳಂತೆ ನೆಲದಲ್ಲಿ ಹುದುಗಿದ್ದು, ಹಾಗೆ ಹುದುಗಿದ್ದರ ಶಾಶ್ವತ ಅನುಕೂಲಕ್ಕಾಗಿ ಅದಕ್ಕೆ ಜೋಡಿಸಿದ್ದು.

ಈ ಮಾತುಗಳಲ್ಲಿ “ಶಾಶ್ವತ” ಎಂಬುದೇ ಮುಖ್ಯ. ನಾವು ಸಾಮಾನ್ಯವಾಗಿ ಮೊಳೆ ಹೊಡೆದದ್ದು ಮನೆಗೆ, ಹೊಡೆಯದ್ದು ನಮಗೆ ಎಂದುಕೊಳ್ಳುತ್ತೇವೆ. ಕಾನೂನಿನ ಒರೆಗಲ್ಲು ಮೊಳೆಯಲ್ಲ. ಬೀಗದ ಕೈಯನ್ನೇ ನೋಡಿ. ಅದನ್ನು ಯಾವ ಗೋಡೆಗೂ ಬಿಗಿದಿಲ್ಲ. ಯಜಮಾನರ ಜೇಬಿನಲ್ಲಿ ಊರೆಲ್ಲ ಸುತ್ತುತ್ತದೆ. ಆದರೂ ಅದು ಮನೆಗೆ ಸೇರಿದ್ದು. ಗೋಡೆಯ ಗಡಿಯಾರಕ್ಕೆ ಮೊಳೆಯುಂಟು; ಆದರೂ ಅದು ಮಾರುವವರದು. ವಸ್ತುವನ್ನು ಮನೆಯ ಅನುಕೂಲಕ್ಕಾಗಿ ಅಲ್ಲೇ ಇರಲೆಂದು ಇಟ್ಟದ್ದೋ, ಇಟ್ಟವರು ತಮ್ಮ ಉಪಯೋಗಕ್ಕಾಗಿ ಇರುವಷ್ಟು ದಿನ ಇಟ್ಟುಕೊಂಡದ್ದೋ ಎಂಬುದೇ ಪ್ರಶ್ನೆ.

1872ರಲ್ಲಿ ಇಂಗ್ಲೆಂಡಿನ ಒಂದು ಗಿರಣಿಯ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರು ಇದನ್ನು ವಿವರಿಸಲು ಸೊಗಸಾದ ಉದಾಹರಣೆಯೊಂದನ್ನು ಕೊಟ್ಟರು. ಗಾರೆಯಿಲ್ಲದೆ ಒಂದರ ಮೇಲೊಂದು ಕಲ್ಲು ಪೇರಿಸಿ ಬೇಲಿಗೋಡೆ ಮಾಡಿದರೆ ಆ ಕಲ್ಲುಗಳು ಜಮೀನಿನ ಭಾಗವಾಗುತ್ತವೆ. ಅದೇ ಕಲ್ಲುಗಳನ್ನು ಕಟ್ಟಡದ ಸಾಮಾನು ಮಾರುವವನ ಅಂಗಳದಲ್ಲಿ ಅದೇ ರೀತಿ ಪೇರಿಸಿಟ್ಟರೆ ಅವು ಬರಿಯ ಸರಕು. ಕಲ್ಲು ಅದೇ, ಪೇರಿಸಿದ ರೀತಿಯೂ ಅದೇ. ಉದ್ದೇಶ ಮಾತ್ರ ಬೇರೆ. ಆ ವ್ಯಾಜ್ಯದಲ್ಲಿ ನೆಲಕ್ಕೆ ಮೊಳೆಯಿಂದ ಬಿಗಿದಿದ್ದ ಮಗ್ಗಗಳು ಗಿರಣಿಗೆ ಸೇರಿದವೆಂದು ತೀರ್ಪಾಯಿತು. ಇದಕ್ಕೆ ಎದುರಾದ ಉದಾಹರಣೆ ನಮ್ಮ ನೆರೆಯಲ್ಲೇ ಉಂಟು. ಬಾಡಿಗೆಯ ನೆಲದಲ್ಲಿ ಟೂರಿಂಗ್ ಸಿನಿಮಾ ನಡೆಸಲು ಬಿಗಿದಿದ್ದ ಪ್ರೊಜೆಕ್ಟರು ಮತ್ತು ಡೀಸೆಲ್ ಎಂಜಿನು ಸ್ಥಿರ ಸ್ವತ್ತಲ್ಲವೆಂದು ಆಂಧ್ರ ಪ್ರದೇಶದ ಹೈಕೋರ್ಟು 1974ರಲ್ಲಿ ಹೇಳಿತು. ಡೇರೆ ಎತ್ತಿದಾಗ ಜೊತೆಗೆ ಹೋಗತಕ್ಕ ಯಂತ್ರ ಅಲ್ಲೇ ನೆಲೆಸಲು ಬಂದದ್ದಲ್ಲವಷ್ಟೆ.

ಈ ಒರೆಗಲ್ಲನ್ನು ಹಿಡಿದು ಮನೆಯನ್ನು ಒಂದು ಸುತ್ತು ಹಾಕೋಣ.

ಬಾಗಿಲು, ಕಿಟಕಿ, ಸೊಳ್ಳೆ ಜಾಲರಿಯ ಚೌಕಟ್ಟು, ಗೋಡೆಯೊಳಗೆ ಕೂರಿಸಿದ ಬೀರು, ನಲ್ಲಿ, ಕೈತೊಳೆಯುವ ಬೇಸಿನ್ನು, ವಿದ್ಯುತ್ತಿನ ತಂತಿ ಮತ್ತು ಸ್ವಿಚ್ಚು, ಸಂಪಿನ ಮೋಟಾರು, ತಾರಸಿಯ ಮೇಲಿನ ನೀರಿನ ತೊಟ್ಟಿ, ಇವು ಮನೆಗೆ ಸೇರಿದವೆಂದು ಹೇಳಲು ಹೆಚ್ಚು ಯೋಚಿಸಬೇಕಾಗಿಲ್ಲ. ಮಂಚ, ಮೇಜು, ಗೂಡಿನಲ್ಲಿಟ್ಟ ರೇಡಿಯೊ, ರೆಫ್ರಿಜರೇಟರು, ಪರದೆಯ ಬಟ್ಟೆ ಮಾರುವವರವು, ಅದರಲ್ಲೂ ತಕರಾರಿಲ್ಲ. ಅಡಿಗೆಮನೆಯ ನೆಲದಲ್ಲಿ ಹೂತ ಒರಳುಕಲ್ಲು ಮನೆಯದು. ಅದರ ಗುಂಡುಕಲ್ಲು ಬಿಡಿಯಾಗಿದ್ದರೂ, ಬೀಗಕ್ಕೆ ಬೀಗದ ಕೈ ಹೇಗೋ ಹಾಗೆ ಒರಳಿನ ಜೊತೆಗೇ ಇರತಕ್ಕದ್ದು ಎನ್ನುವುದು ನ್ಯಾಯವಾಗಿ ತೋರುತ್ತದೆ.

ಜಗಳವೆಲ್ಲ ಇವೆರಡರ ನಡುವಣ ವಸ್ತುಗಳದು. ಫ್ಯಾನು, ತೂಗುದೀಪ, ಗೀಸರು, ಸೋಲಾರ್ ಹೀಟರು, ಅಡಿಗೆಮನೆಯ ಹೊಗೆ ಹೀರುವ ಚಿಮಣಿ, ಇನ್ವರ್ಟರು, ಉಯ್ಯಾಲೆ ಮಣೆ, ತಾಮ್ರದ ಹಂಡೆ, ದೇವರ ಕೋಣೆಯ ಮಂಟಪ ಇವು ಯಾವುವನ್ನೂ ಕಾಯಿದೆ ಹೆಸರಿಸಿಲ್ಲ. ತಾರಸಿಯ ಮೇಲೆ ಕೊಳವೆಗಳೊಡನೆ ಜೋಡಿಸಿದ ಸೋಲಾರ್ ಹೀಟರು ಮನೆಯ ಶಾಶ್ವತ ಬಳಕೆಗೆಂದು ಬಲವಾಗಿ ವಾದಿಸಬಹುದು. ಫ್ಯಾನಿನ ವಿಷಯದಲ್ಲಿ ಎರಡು ಕಡೆಗೂ ವಾದವುಂಟು. ಹಂಡೆಯ ವಿಷಯದಲ್ಲಿ ಒಲೆಗೆ ಹೂತದ್ದು ಕೊಂಡವರ ಪರವಾಗಿ ಮಾತಾಡುತ್ತದೆ; ತಾಯಿಯ ನೆನಪು ಮಾರಿದವರ ಪರವಾಗಿ ಮಾತಾಡುತ್ತದೆ. ಇಂಥ ಕಡೆ ಕಾನೂನನ್ನು ನಂಬಿ ಸುಮ್ಮನಿರುವುದಕ್ಕಿಂತ ಕಾಗದವನ್ನು ನಂಬುವುದು ಮೇಲು.

ಹಿತ್ತಿಲಿಗೂ ಒಮ್ಮೆ ಹೋಗಿ ಬನ್ನಿ. ಬೇರೂರಿದ ತೆಂಗು, ಮಾವು ನೆಲದೊಡನೆ ಬರುತ್ತವೆ. ಹೂವಿನ ಕುಂಡಗಳು ಬರುವುದಿಲ್ಲ. ಆದರೆ ಕಡಿದು ಮರಮುಟ್ಟಾಗಿ ಬಳಸಲು ನಿಂತಿರುವ ಮರವನ್ನು ಕಾಯಿದೆ ಸ್ಥಿರ ಸ್ವತ್ತಿನ ಲೆಕ್ಕದಿಂದ ಹೊರಗಿಟ್ಟಿದೆ. ನೆಲದ ಸಾರವನ್ನು ಹೀರಿ ಬೆಳೆಯುತ್ತ, ಫಲ ಕೊಡುತ್ತ ಇರಬೇಕಾದ ಮರ ಬೇರೆ, ಬೇಗನೆ ಕಡಿಯಲೆಂದು ನಿಂತ ಮರ ಬೇರೆ ಎಂಬ ಭೇದವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು 1958ರ ಶಾಂತಾಬಾಯಿ ಮೊಕದ್ದಮೆಯಲ್ಲಿ ವಿವರಿಸಿದರು. ಆದ್ದರಿಂದ “ಆ ತೇಗದ ಮರವೊಂದನ್ನು ಆಮೇಲೆ ಕಡಿಸಿಕೊಂಡು ಹೋಗುತ್ತೇನೆ” ಎಂಬ ಮಾತು ಬಂದರೆ ಅದನ್ನು ಬರವಣಿಗೆಯಲ್ಲಿ ಇಳಿಸಿಬಿಡಿ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಇನ್ನಷ್ಟು ಎಚ್ಚರಿಕೆ ಬೇಕು. ನೀವು ನೋಡಿ ಮೆಚ್ಚಿದ ಗೀಸರು ಅವರದಾಗಿರಬಹುದು. ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು ಮನೆ ತಮ್ಮ ವಶದಲ್ಲಿರುವವರೆಗೆ ತೆಗೆದುಕೊಂಡು ಹೋಗಬಹುದು, ಮನೆಯನ್ನು ಮಾತ್ರ ತಾವು ಪಡೆದ ಸ್ಥಿತಿಯಲ್ಲೇ ಬಿಡಬೇಕು ಎಂದು ಅದೇ ಕಾಯಿದೆಯ 108ನೆಯ ಕಲಮು ಹೇಳುತ್ತದೆ. ಮಾಲೀಕರು ತಮ್ಮದಲ್ಲದ್ದನ್ನು ನಿಮಗೆ ಮಾರಲಾರರು.

ಗ್ಯಾಸ್ ಸಂಪರ್ಕವೂ ಹೀಗೆಯೇ. ಅದು ವ್ಯಕ್ತಿಯ ಹೆಸರಿನಲ್ಲಿರುವುದು, ಮನೆಯ ಹೆಸರಿನಲ್ಲಲ್ಲ. ಸಿಲಿಂಡರು ಮತ್ತು ರೆಗ್ಯುಲೇಟರು ಠೇವಣಿಯ ಮೇಲೆ ಕೊಟ್ಟ ಕಂಪನಿಯ ಸಾಮಾನು. ವಿದ್ಯುತ್ತಿನ ಆರ್.ಆರ್. ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ ಹಿಂದಿನವರ ಠೇವಣಿ ಯಾರಿಗೆ ಸೇರಬೇಕೆಂಬುದನ್ನೂ ಮಾತಾಡಿಕೊಳ್ಳಿ.

ಬಿಲ್ಡರಿಂದ ಹೊಸ ಫ್ಲಾಟು ಕೊಳ್ಳುವವರಿಗೆ 2016ರ ರಿಯಲ್ ಎಸ್ಟೇಟ್ ಕಾಯಿದೆ ಬೇರೊಂದು ರಕ್ಷಣೆ ಕೊಟ್ಟಿದೆ. ಕೊಡುವುದಾಗಿ ಒಪ್ಪಿದ ಜೋಡಣೆಗಳ ಸ್ವರೂಪವನ್ನು ಕೊಳ್ಳುವವರ ಮುನ್ನೊಪ್ಪಿಗೆಯಿಲ್ಲದೆ ಬದಲಾಯಿಸುವಂತಿಲ್ಲವೆಂದು ಅದರ 14ನೆಯ ಕಲಮು ಹೇಳುತ್ತದೆ. ಜಾಹೀರಾತಿನಲ್ಲಿನ ಅಥವಾ ಮಾದರಿ ಮನೆಯಲ್ಲಿನ ತಪ್ಪು ಚಿತ್ರವನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವರಿಗೆ 12ನೆಯ ಕಲಮು ಪರಿಹಾರ ಹೇಳಿದೆ. ಹಾಗಿದ್ದರೂ ಮಾದರಿ ಮನೆಯ ತೂಗುದೀಪವನ್ನು ಕಂಡು ಬೆರಗಾಗುವ ಮೊದಲು, ಕರಾರಿಗೆ ಲಗತ್ತಿಸಿದ ಪಟ್ಟಿಯಲ್ಲಿ ಅದು ಇದೆಯೇ ಎಂದು ಹುಡುಕಿ.

ಪಟ್ಟಿ ಬರೆಯುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ನೋಡಿದವರಿಗೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪರಿಚಯವುಂಟು. ನೆಲ ಕೊಟ್ಟೆ ಎಂದಷ್ಟೇ ಬರೆಯದೆ, ಅದರೊಳಗೆ ಹುದುಗಿದ್ದು, ಅದರಲ್ಲಿ ಹರಿಯುವುದು, ಮುಂದೆ ಅದರಿಂದ ಬರಬಹುದಾದದ್ದು ಎಲ್ಲವನ್ನೂ ಎಣಿಸಿ ಬರೆದರು. ಆ ಮಾತುಗಳು ಇಂದಿಗೂ ಕೆಲವು ಕ್ರಯಪತ್ರಗಳಲ್ಲಿ ಬರುತ್ತವೆ. ಭೂಗತ ನಿಧಿಯನ್ನು ಮರೆಯದೆ ಬರೆಯುವ ನಾವು, ಬಚ್ಚಲಲ್ಲಿ ಕಣ್ಣಿಗೆ ಕಾಣುವ ಗೀಸರನ್ನು ಬರೆಯುವುದಿಲ್ಲ!

ಹಾಗಾದರೆ ಎಂದು ಬರೆಯಬೇಕು? ಸಂಚಕಾರ ಕೊಡುವ ಮೊದಲು. ಕರಾರುಪತ್ರದಿಂದಲೇ ಮನೆ ನಿಮ್ಮದಾಗುವುದಿಲ್ಲ. ರಿಜಿಸ್ಟರಾದ ಕ್ರಯಪತ್ರದಿಂದ ಆಗುತ್ತದೆ. ಆದರೆ ಬೆಲೆ ನಿಲ್ಲುವುದು ಕರಾರಿನ ದಿನ. ಮನೆಯವರೊಡನೆ ಕೋಣೆಯಿಂದ ಕೋಣೆಗೆ ನಡೆಯಿರಿ. ಪ್ರತಿಯೊಂದು ಕೋಣೆಗೂ ಇರುವುದು, ಹೋಗುವುದು ಎಂದು ಎರಡು ಸಾಲು ಮಾಡಿ. ಫ್ಯಾನು ಎಷ್ಟು, ಗೀಸರು ಯಾವ ತಯಾರಿಕೆಯದು, ಮೋಟಾರಿನ ಶಕ್ತಿಯೆಷ್ಟು ಎಂಬುದನ್ನೂ ಬರೆಯಿರಿ. ಇಲ್ಲವಾದರೆ ಹೊಸ ಫ್ಯಾನು ಹೋಗಿ ಹಳೆಯದು ಅಲ್ಲಿ ತೂಗಬಹುದು. ಒಂದೊಂದು ಫೋಟೋ ತೆಗೆದಿಡಿ. ಪಟ್ಟಿಗೆ ಇಬ್ಬರೂ ರುಜು ಮಾಡಿ, ಅದು ಕರಾರಿನ ಭಾಗವೆಂದು ಕರಾರಿನಲ್ಲೇ ಹೇಳಿಸಿ. ಹೋಗುವ ವಸ್ತುವನ್ನು ಬಿಚ್ಚಿದ ಮೇಲೆ ಗೋಡೆಯನ್ನು ಯಾರು ಸರಿಪಡಿಸಬೇಕು ಎಂಬ ಒಂದು ಸಾಲೂ ಇರಲಿ.

ಬಾಯಿಮಾತಿಗೆ ಬೆಲೆಯಿಲ್ಲವೆ ಎಂದು ಕೇಳಬಹುದು. ಪತ್ರದಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಬಾಯಿಮಾತನ್ನು ಸಾಕ್ಷ್ಯವಾಗಿ ತರಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಯ ಈ ನಿಯಮ, ಅದರ ಸ್ಥಾನಕ್ಕೆ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಉಳಿದಿದೆ. ಪತ್ರ ಮೌನವಾಗಿರುವ ವಿಷಯದಲ್ಲಿ, ಅದಕ್ಕೆ ವಿರೋಧವಿಲ್ಲದ ಬೇರೆ ಮಾತುಕತೆಯನ್ನು ರುಜುವಾತು ಮಾಡಲು ಅವಕಾಶವುಂಟು. ಆದರೆ ಆ ದಿನ ಕಾಫಿ ಕುಡಿಯುತ್ತ ಆಡಿದ ಮಾತಿಗೆ ಸಾಕ್ಷಿ ಯಾರು?

ಕರಾರಿನಿಂದ ಸ್ವಾಧೀನ ಕೊಡುವವರೆಗೆ ಮಾರುವವರು ಸ್ವತ್ತನ್ನು ವಿವೇಕಿಯಾದ ಮಾಲೀಕನಂತೆ ಜೋಪಾನ ಮಾಡಬೇಕೆಂದು 55ನೆಯ ಕಲಮು ವಿಧಿಸುತ್ತದೆ. ಆದುದರಿಂದ ರಿಜಿಸ್ಟ್ರಿಯ ಹಿಂದಿನ ದಿನ ಪಟ್ಟಿ ಹಿಡಿದು ಮತ್ತೊಮ್ಮೆ ಮನೆಯನ್ನು ನೋಡಿ. ಸ್ವಿಚ್ಚು ಹಾಕಿ, ನಲ್ಲಿ ತಿರುಗಿಸಿ. ಏನಾದರೂ ಕಡಿಮೆಯಾಗಿದ್ದರೆ ಬಾಕಿ ಹಣ ಕೊಡುವ ಮೊದಲೇ ಹೇಳಿ. ಆಗ ಮಾತು ಸಲೀಸಾಗಿ ಮುಗಿಯುತ್ತದೆ. ಹಣ ಕೊಟ್ಟ ಮೇಲೆ ಉಳಿಯುವ ದಾರಿ ನೋಟೀಸು ಮತ್ತು ಸಿವಿಲ್ ದಾವೆ. ಒಂದು ಗೀಸರಿಗಾಗಿ ಆ ದಾರಿ ಹಿಡಿದವರು, ಅದರ ಬೆಲೆಗಿಂತ ಹೆಚ್ಚನ್ನು ಓಡಾಟದಲ್ಲಿ ಕಳೆದುಕೊಳ್ಳುತ್ತಾರೆ.

ಮಾರುವವರಿಗೂ ಒಂದು ಮಾತು. ತಾಯಿಯ ಹಂಡೆಯನ್ನು ಬಿಡಲು ಮನಸ್ಸಿಲ್ಲವೆಂದರೆ ಅದರಲ್ಲಿ ತಪ್ಪೇನೂ ಇಲ್ಲ. ಗಿರಾಕಿ ಬರುವ ಮುನ್ನವೇ ಅದನ್ನು ತೆಗೆಸಿ ಒಲೆಯನ್ನು ಮುಚ್ಚಿಸಿಬಿಡಿ. ಅಥವಾ ಮೊದಲ ದಿನವೇ “ಇದೊಂದು ನಮ್ಮೊಡನೆ ಬರುತ್ತದೆ” ಎಂದು ಹೇಳಿ ಬರೆಸಿ. ಹೇಳಿ ಒಯ್ದ ಹಂಡೆಯನ್ನು ಯಾರೂ ಆಕ್ಷೇಪಿಸುವುದಿಲ್ಲ. ಕೊಂಡವರೂ ಆ ಮನೆಯಲ್ಲಿ ಮುನಿಸಿಲ್ಲದೆ ಹಾಲು ಉಕ್ಕಿಸಿಯಾರು. ಮಾರಿದವರನ್ನೂ ಆ ದಿನ ಊಟಕ್ಕೆ ಕರೆದಾರು.