ಬೋರ್ ಪಾಯಿಂಟ್‌ಗೆ ಮುನ್ನ ತಂತಿ ಅಳೆಯಿರಿ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಯಾವ ಹೊಲದಲ್ಲಿ ನಮ್ಮ ಪೆಟ್ಟಿಗೆ ಬಿಚ್ಚಿದರೂ ಮೊದಲು ಬರುವ ಪ್ರಶ್ನೆ ಒಂದೇ: “ಸಾರ್, ನೀರು ಎಷ್ಟು ಅಡಿಗೆ ಸಿಗ್ತದೆ?” ಭೂಭೌತ ಸಮೀಕ್ಷೆ ಕಲಿಯಲು ಜೊತೆಗೆ ಬರುವ ಹುಡುಗ ಹುಡುಗಿಯರಿಗೆ ಯಂತ್ರ ಮುಟ್ಟುವ ಮೊದಲೇ ಇದಕ್ಕೆ ಉತ್ತರ ಹೇಳಿಕೊಡುತ್ತೇನೆ: “ಇದು ನೀರನ್ನ ತೋರ್ಸಲ್ಲ ಯಜಮಾನ್ರೇ. ನೆಲದೊಳಗೆ ಕರೆಂಟು ಎಷ್ಟು ಸಲೀಸಾಗಿ ಹರೀತದೆ ಅಂತ ಮಾತ್ರ ಹೇಳ್ತದೆ. ನೀರಿನ ಲೆಕ್ಕ ಹಾಕೋರು ನಾವು.”

ಯಂತ್ರ ಸರಳವಾದದ್ದು. ನಾಲ್ಕು ಕಬ್ಬಿಣದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಬಡಿಯುತ್ತೇವೆ. ಹೊರಗಿನ ಎರಡರ ಮೂಲಕ ಕರೆಂಟು ಹಾಯಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಹುಟ್ಟಿತೆಂದು ನೋಡುತ್ತೇವೆ. ಗೂಟಗಳು ಹತ್ತು ಹತ್ತು ಮೀಟರ್ ದೂರದಲ್ಲಿದ್ದು, 100 ಮಿಲಿಆಂಪಿಯರ್ ಹಾಯಿಸಿದಾಗ 50 ಮಿಲಿವೋಲ್ಟ್ ಬಂತೆನ್ನಿ. ಆಗ ರೋಧ ಅರ್ಧ ಓಮ್. ಅದನ್ನು ಅಂತರದಿಂದಲೂ 6.28ರಿಂದಲೂ ಗುಣಿಸಿದರೆ ಸುಮಾರು 31 ಓಮ್-ಮೀಟರ್. ಇದೇ ಆ ನೆಲದ ರೋಧಕತೆ. ಗೂಟಗಳನ್ನು ದೂರ ದೂರ ಸರಿಸುತ್ತ ಹೋದಂತೆ ಕರೆಂಟು ಆಳಕ್ಕಿಳಿಯುತ್ತದೆ, ಕೆಳಗಿನ ಪದರಗಳ ಸುದ್ದಿ ತರುತ್ತದೆ. 1912ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಕಾನ್ರಾಡ್ ಶ್ಲುಂಬರ್ಜೆ ಈ ಬಗೆಯ ಪ್ರಯೋಗ ನಡೆಸಿದ. ಅದೇ ದಶಕದಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ಸಮ ಅಂತರದ ನಾಲ್ಕು ಗೂಟಗಳ ಲೆಕ್ಕ ಕೊಟ್ಟ. ಇಂದಿಗೂ ಹೊಲದಲ್ಲಿ ಓಡಾಡುತ್ತಿರುವುದು ಈ ಇಬ್ಬರ ಹೆಸರುಗಳೇ.

ಅಂಕಿ ಬಂದ ಮೇಲೆ ಅದನ್ನು ಓದುವುದು ಬೇರೆಯೇ ಕೆಲಸ. ನಮ್ಮ ಭಾಗದಲ್ಲಿ ಮೇಲೆ ಕೆಂಪುಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕೊಳೆತು ಪುಡಿಯಾದ ಶಿಥಿಲಶಿಲೆ, ತಳದಲ್ಲಿ 250 ಕೋಟಿ ವರ್ಷಕ್ಕೂ ಹಳೆಯದಾದ ಗಟ್ಟಿ ಬಂಡೆ. ನೀರುಂಡ ಶಿಥಿಲಶಿಲೆ ಹಲವು ಹತ್ತರಿಂದ ನೂರರ ಆಸುಪಾಸಿನ ಅಂಕಿ ಕೊಟ್ಟರೆ, ಬಿರುಕಿಲ್ಲದ ಬಂಡೆ ಸಾವಿರಗಳನ್ನು ದಾಟುತ್ತದೆ. ಆದರೆ ಒಂದು ಹನಿ ನೀರೂ ಬಿಟ್ಟುಕೊಡದ ಜೇಡಿಮಣ್ಣೂ ಕಡಿಮೆ ಅಂಕಿಯನ್ನೇ ಕೊಡುತ್ತದೆ. ಅಂಕಿ ಇಳಿಯಿತೆಂದು ಅಲ್ಲೇ ತೆಂಗಿನಕಾಯಿ ಒಡೆದು ಬೋರ್ ಗಾಡಿ ಕರೆಸುವವನು ಇಲ್ಲೇ ಕೆಡುವುದು.

ಅನುಮಾನ ಬಂದಲ್ಲಿ ಎರಡನೆಯ ವಿಧಾನ ಬೇಕು. ಉಕ್ಕಿನ ತಟ್ಟೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆದು, ಸಾಲಾಗಿ ನೆಟ್ಟ ಜಿಯೋಫೋನ್‌ಗಳಿಗೆ ಕಂಪನ ಯಾವಾಗ ಮುಟ್ಟಿತೆಂದು ಅಳೆಯುವುದು ಅಂಥದ್ದೊಂದು. ಒಣಮಣ್ಣಿನಲ್ಲಿ ಕಂಪನ ಸೆಕೆಂಡಿಗೆ ಕೆಲವು ನೂರು ಮೀಟರ್ ಸಾಗಿದರೆ ಗಟ್ಟಿ ಗ್ರಾನೈಟಿನಲ್ಲಿ 5,000 ಮೀಟರ್ ಸಾಗುತ್ತದೆ. ಊರೊಳಗಿನ ಹತ್ತಿರದ ದಾರಿ ಬಿಟ್ಟು ಸುತ್ತುಬಳಸಿ ಹೆದ್ದಾರಿ ಹಿಡಿದವನು ಮೊದಲು ತಲುಪುವಂತೆ, ದೂರದ ಜಿಯೋಫೋನಿಗೆ ಬಂಡೆಯ ಮೇಲೆ ಓಡಿಬಂದ ಕಂಪನವೇ ಮೊದಲು ಮುಟ್ಟುತ್ತದೆ. ಅದರಿಂದ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಭೂಮಿಯೊಳಗೆ ಗೋಡೆಯಂತೆ ಹಾದುಹೋಗುವ ಕರಿಕಲ್ಲಿನ ಸಾಲನ್ನು ಹಿಡಿಯಲು ಕಾಂತಮಾಪಕವಿದೆ. ಆ ಗೋಡೆ ನೀರನ್ನು ಒಂದು ಮಗ್ಗುಲಿಗೆ ತಡೆದು ನಿಲ್ಲಿಸಬಲ್ಲದು. ಕಾಂತಮಾಪಕ ಹಿಡಿದು ನಡೆಯುವವರು ಬೆಲ್ಟು, ಬೀಗದ ಕೈ, ಮೊಬೈಲು ಎಲ್ಲವನ್ನೂ ಮರದಡಿ ಬಿಟ್ಟು ಹೋಗಬೇಕು.

ಪುಸ್ತಕದಲ್ಲಿ ಬಾರದ ಪಾಠಗಳು ಹೊಲದಲ್ಲಿವೆ. ಏಪ್ರಿಲ್‌ನ ಕಾದ ನೆಲದಲ್ಲಿ ಗೂಟಕ್ಕೂ ಮಣ್ಣಿಗೂ ಸಂಪರ್ಕವೇ ಆಗುವುದಿಲ್ಲ. ಬುಡಕ್ಕೆ ಉಪ್ಪುನೀರು ಸುರಿಯಬೇಕು. ತಂತಿಬೇಲಿ, ಟ್ರಾನ್ಸ್‌ಫಾರ್ಮರ್‌ನ ಅರ್ಥಿಂಗ್, ಹೂತ ಕಬ್ಬಿಣದ ಪೈಪು ಇದ್ದ ಕಡೆಯಿಂದ ದೂರ ಹೋಗಬೇಕು. ಓದಿದ ಪ್ರತಿ ಅಂಕಿಯನ್ನೂ ಅಲ್ಲೇ ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ಒಂದು ಚುಕ್ಕೆ ಸಾಲು ತಪ್ಪಿದರೆ, ಗೂಟ ಇನ್ನೂ ನೆಲದಲ್ಲಿರುವಾಗಲೇ ಮತ್ತೆ ಓದಬಹುದು. ಮನೆಗೆ ಹೋಗಿ ಹಾಕಿದ ಗ್ರಾಫಿಗೆ ಆ ಭಾಗ್ಯವಿಲ್ಲ. ಎಲ್ಲಕ್ಕಿಂತ ಒಳ್ಳೆಯ ಗುರು ಬತ್ತಿದ ತೆರೆದ ಬಾವಿ. ಅದರ ಗೋಡೆಯಲ್ಲಿ ಮಣ್ಣು, ಗರಸು, ಬಂಡೆ ಎಲ್ಲೆಲ್ಲಿ ಬದಲಾಗುತ್ತವೆಂದು ಮೊದಲು ಕಣ್ಣಾರೆ ನೋಡಿ ಬರೆದುಕೊಳ್ಳಿ, ಆಮೇಲೆ ಪಕ್ಕದಲ್ಲೇ ತಂತಿ ಎಳೆಯಿರಿ ಎನ್ನುತ್ತೇನೆ. ಕಂಡ ಪದರಕ್ಕೆ ಯಾವ ಅಂಕಿ ಬರುತ್ತದೆಂದು ಗೊತ್ತಾದವನು ಕಾಣದ ಪದರದ ಬಗ್ಗೆ ಮಾತಾಡಬಹುದು.

ಈಗ ಆಳದ ಮಾತು. ಹೊರಗಿನ ಎರಡು ಗೂಟಗಳ ಅಂತರದ ಸುಮಾರು ಐದನೇ ಒಂದು ಭಾಗದಷ್ಟು ಆಳದವರೆಗೆ ಮಾತ್ರ ಈ ಅಳತೆಯನ್ನು ನೆಚ್ಚಬಹುದು ಎಂಬುದು ಒರಟು ಲೆಕ್ಕ. ಸಾವಿರ ಅಡಿಯ ಕೆಳಗಿನದು ತಿಳಿಯಬೇಕಾದರೆ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ತಂತಿ ಹಾಸಬೇಕು. ಒಂದು ಎಕರೆ ಚೌಕ ಹೊಲದ ಬದಿ ಸುಮಾರು 64 ಮೀಟರ್. ಮೂಲೆಯಿಂದ ಮೂಲೆಗೆ ಎಳೆದರೂ 90 ಮೀಟರ್; ಸಿಗುವ ಆಳ ಅರವತ್ತು ಅಡಿ. ಸಾವಿರ ಅಡಿಯಲ್ಲಿ ಗೇಣಗಲದ ಬಿರುಕಿನಲ್ಲಿ ನೀರು ಹರಿಯುತ್ತಿದ್ದರೂ ಅದು ನೆಲದ ಮೇಲಿನ ಈ ಅಳತೆಗೆ ಸಿಗದು.

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ? ಇದೆ, ಮೇಲಿನ ನೂರಡಿಯಲ್ಲಿ. ಮಳೆನೀರು ಇಂಗಿ ನಿಲ್ಲುವ ಶಿಥಿಲಶಿಲೆ ಎಲ್ಲಿ ದಪ್ಪವಾಗಿದೆ, ಇಂಗುಗುಂಡಿ ಎಲ್ಲಿ ತೆಗೆದರೆ ಫಲ, ಯಾವ ಹಳೆಯ ಬಾವಿಗೆ ಮರುಜೀವ ಕೊಡಬಹುದು ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ. ನಮ್ಮ ಹಿರಿಯರು ಕಪಿಲೆ ಕಟ್ಟಿ ನೀರೆತ್ತಿದ್ದು ಆ ಪದರದಿಂದಲೇ.

ನಿಮ್ಮ ಹೊಲಕ್ಕೆ ಪಾಯಿಂಟ್ ನೋಡಲು ಬಂದವರು ಆಳ ಹೇಳಿದ ಕೂಡಲೇ ಎರಡು ಮಾತು ಕೇಳಿ: ತಂತಿ ಎಷ್ಟು ಉದ್ದ ಎಳೆದಿರಿ? ಗ್ರಾಫ್ ಎಲ್ಲಿ? ಇವೆರಡಕ್ಕೂ ಉತ್ತರ ಬಾರದಿದ್ದರೆ ಬೋರ್ ಗಾಡಿಗೆ ಮುಂಗಡ ಕೊಡಬೇಡಿ.